ಗ್ಲಾಸ್ ಇಳಿಸಿದರೆ ಗಡಗಡ, ಏರಿಸಿದರೆ ಗಪ್‌ಚುಪ್

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಓಡಾಟ ಹೆಚ್ಚಾಗಿ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ರಸ್ತೆಗಳಲ್ಲಿ. ಆರು ತಿಂಗಳ ಹಿಂದೆ ಎಡಗಡೆ ಮುಂದಿನ ಬಾಗಿಲಿಗೆ ಬೈಕೊಂದು ಗುದ್ದಿ, ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆ. ಅಲ್ಲಿಂದ ಶುರು: ಹಂಪ್ ಹತ್ತಿಳಿದರೆ, ಗುಂಡಿಗೆ ಬಿದ್ದರೆ ಆ ಬಾಗಿಲು ಗಡಗಡ ಅನ್ನುತ್ತದೆ. ಗ್ಲಾಸ್ ಪೂರ್ತಿ ಏರಿಸಿದರೆ ಸದ್ದು ಬಹುತೇಕ ನಿಲ್ಲುತ್ತದೆ. ಗ್ಯಾರೇಜಿನವರು ಡೋರ್ ಲಾಕ್ ಸವೆದಿದೆ, ಹೊಸದು ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಲಾಕ್ ಸವೆದಿದ್ದರೆ ಅದಕ್ಕೂ ಗ್ಲಾಸಿಗೂ ಏನು ನಂಟು? ಗ್ಲಾಸ್ ಮೇಲಿರಲಿ, ಕೆಳಗಿರಲಿ, ಬಾಗಿಲು ಸದ್ದು ಮಾಡಲೇಬೇಕಿತ್ತು. ಗ್ಲಾಸ್ ಏರಿದ ಕೂಡಲೇ ಸುಮ್ಮನಾಗುತ್ತದೆ ಎಂದರೆ ಬಡಿದುಕೊಳ್ಳುತ್ತಿರುವುದು ಹೆಚ್ಚುಕಡಿಮೆ ಗ್ಲಾಸೇ.

ಗ್ಲಾಸಿನ ಕೆಳ ಅಂಚನ್ನು ಪವರ್ ವಿಂಡೋ ಮಷೀನಿನ ಹಿಡಿಕೆಗಳು ಕಚ್ಚಿಕೊಂಡಿರುತ್ತವೆ, ಬಹುತೇಕ ಗಾಡಿಗಳಲ್ಲಿ ಎರಡು ಬೋಲ್ಟ್‌ಗಳ ಬಲದಲ್ಲಿ. ಎರಡೂ ಪಕ್ಕ ರಬ್ಬರ್ ಚಾನೆಲ್‌ನಲ್ಲಿ ಜಾರುತ್ತದೆ. ಪೂರ್ತಿ ಏರಿದಾಗ ಮೇಲಿನ ಅಂಚೂ ರಬ್ಬರಿನೊಳಗೆ ಸಿಕ್ಕಿಕೊಂಡು ಕೆಳಗಿನ ಸಡಿಲವೆಲ್ಲ ಮುಚ್ಚಿಹೋಗುತ್ತದೆ. ಇಳಿಸಿದಾಗ ಆ ಆಸರೆ ತಪ್ಪುತ್ತದೆ. ಟಿಂಕರಿಂಗ್ ಮಾಡುವವರು ಒಳಗಿನಿಂದ ತಗಡು ಎತ್ತಲು ಗ್ಲಾಸ್ ಬಿಚ್ಚುತ್ತಾರೆ, ಪೇಂಟ್ ಹೊಡೆಯುವವರು ರಬ್ಬರ್ ಕಿತ್ತಿಡುತ್ತಾರೆ. ಸಂಜೆ ಡೆಲಿವರಿ ಕೊಡುವ ಅವಸರದಲ್ಲಿ ಒಂದು ಬೋಲ್ಟ್ ಅರ್ಧ ತಿರುಗಿ ನಿಂತಿರುತ್ತದೆ, ಇಲ್ಲವೇ ಚಾನೆಲ್ ತನ್ನ ಜಾಗದಲ್ಲಿ ಕೂತಿರುವುದಿಲ್ಲ.

ಗ್ಯಾರೇಜಿಗೆ ಹೋಗುವ ಮೊದಲು ಮನೆ ಅಂಗಳದಲ್ಲೇ ನೋಡಿ. ಗ್ಲಾಸ್ ಅರ್ಧ ಇಳಿಸಿ, ಕೀ ತೆಗೆದು, ಮೇಲಂಚನ್ನು ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿ. ಸ್ವಲ್ಪ ಆಟ ಎಲ್ಲ ಗಾಡಿಯಲ್ಲೂ ಇರುತ್ತದೆ. ಎಷ್ಟಿದ್ದರೆ ಸರಿ ಎಂದು ತಿಳಿಯಲು ಬಲಗಡೆ ಬಾಗಿಲಲ್ಲೂ ಅದನ್ನೇ ಮಾಡಿ. ಗ್ಯಾರೇಜಿನವರ ಕೈ ಬೀಳದ ಆ ಬಾಗಿಲೇ ನಿಮ್ಮ ಅಳತೆಗೋಲು. ಎಡಗಡೆಯದು ಒಳಹೊರಗೆ ಟಕ್ ಟಕ್ ಎಂದು ಬಡಿದರೆ ಚಾನೆಲ್ ರಬ್ಬರ್ ಎದ್ದಿದೆ ಅಥವಾ ಸವೆದಿದೆ. ಮುಂದಕ್ಕೆ ಹಿಂದಕ್ಕೆ ತೊಟ್ಟಿಲಿನ ಹಾಗೆ ತೂಗಿದರೆ ಕೆಳಗಿನ ಬೋಲ್ಟ್ ಸಡಿಲ.

ಲಾಕ್ ಮೇಲಿನ ಅನುಮಾನವನ್ನೂ ಇವತ್ತೇ ಮುಗಿಸಿಬಿಡಿ. ಬಾಗಿಲು ಹಾಕಿ, ಹಿಂದಿನ ಅಂಚನ್ನು ಹೊರಗಿನಿಂದ ಅಂಗೈಯಲ್ಲಿ ಒತ್ತಿ ಒತ್ತಿ ಬಿಡಿ. ಅಲುಗಿದರೆ ಬಾಗಿಲ ಹಿಂದಿನ ಕಂಬದ ಮೇಲೆ ಲಾಕ್ ಕಚ್ಚುವ ಕಬ್ಬಿಣದ ಬಳೆಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ ಓಡಿಸಿ ನೋಡಿ. ಸದ್ದು ಹೋದರೆ ಮಾತ್ರ ಗ್ಯಾರೇಜಿನವರ ಮಾತು ಅರ್ಧ ನಿಜ. ಆಗಲೂ ಹೊಸ ಲಾಕ್ ಬೇಕೆಂದಿಲ್ಲ. ಬಳೆಯ ಸುತ್ತ ಪೆನ್ಸಿಲ್ ಗುರುತು ಹಾಕಿಕೊಂಡು, ಸಡಿಲಿಸಿ, ಕೂದಲೆಳೆಯಷ್ಟು ಒಳಗೆ ಸರಿಸಿ ಬಿಗಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇನ್ನು ಬಾಗಿಲು ಬಿಚ್ಚುವ ಕೆಲಸ. ಸೈಡ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಬಲ್ಲವರಿಗೇ ಬಿಡಿ, ಕೆಲವು ಮಾಡೆಲ್‌ಗಳಲ್ಲಿ ಅದರ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಇಲ್ಲದಿದ್ದರೆ ಪಕ್ಕದಲ್ಲಿ ನಿಂತು ಮಾಡಿಸಿ. ಒಳಹಿಡಿಯ ಹಿಂದೆ ಒಂದು, ಕೈ ಇಡುವ ಗುಳಿಯಲ್ಲಿ ಒಂದೆರಡು ಸ್ಕ್ರೂ ಮುಚ್ಚಳದಡಿ ಅಡಗಿರುತ್ತವೆ. ಅವು ಬಂದ ಮೇಲೆ ಡೋರ್ ಪ್ಯಾಡನ್ನು ಕೆಳಗಿನಿಂದ ಎಳೆದರೆ ಕ್ಲಿಪ್‌ಗಳು ಪಟಪಟ ಬಿಡುತ್ತವೆ. ಎಷ್ಟು ತೂತಿದೆ, ಎಷ್ಟು ಕ್ಲಿಪ್ ಇದೆ ಎಣಿಸಿ. ಎರಡು ಕಡಿಮೆ ಇದ್ದರೆ ಸದ್ದಿಗೆ ಅದೂ ಪಾಲುದಾರ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ, ಕಪ್ಪು ಅಂಟಿನ ಸಮೇತ ಮೆಲ್ಲಗೆ ಬಿಡಿಸಬೇಕು. ಅದು ಹರಿದರೆ ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಒದ್ದೆ.

ಗ್ಲಾಸಿನ ಬೋಲ್ಟ್‌ಗೆ ಹೆಚ್ಚಾಗಿ 10 ನಂಬರ್ ಸ್ಪ್ಯಾನರ್ ಹಿಡಿಯುತ್ತದೆ. (ಒಮ್ಮೆ ಇದೇ ಥರ ಲೊಟಲೊಟ ಅನ್ನುತ್ತಿದ್ದ ಬಾಗಿಲ ಹೊಟ್ಟೆಯಲ್ಲಿ ನನಗೆ ಸಿಕ್ಕಿದ್ದು ಬೇರೆ ಯಾರೋ ಮರೆತ 10 ನಂಬರ್ ಸ್ಪ್ಯಾನರ್. ಹಾಗಾಗಿ ಟಾರ್ಚ್ ಹಾಕಿ ತಳವನ್ನೂ ನೋಡಿ.) ಗ್ಲಾಸನ್ನು ಒಬ್ಬರು ಹಿಡಿದುಕೊಂಡಿರಲಿ. ನೇರವಾಗಿ ಕೂರಿಸಿ, ಎರಡೂ ಬೋಲ್ಟ್ ಸಮನಾಗಿ ಬಿಗಿಯಲಿ. ಶಕ್ತಿ ಪ್ರದರ್ಶನ ಬೇಡ, ಒಂದೇ ಕಡೆ ಒತ್ತಡ ಬಿದ್ದರೆ ಟಫನ್ಡ್ ಗ್ಲಾಸ್ ಪುಡಿಪುಡಿ. ಲಾಕ್‌ಗೆ ಹೋಗುವ ಸಲಾಕೆಗಳು ತಗಡಿಗೆ ತಾಗುವ ಕಡೆ ವೈರಿಂಗ್‌ಗೆ ಸುತ್ತುವ ಬಟ್ಟೆ ಟೇಪ್ ಸುತ್ತಿಸಿ. ಪ್ಯಾಡ್ ಮುಚ್ಚುವ ಮೊದಲೇ ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ಕೇಳಿ.

ಎರಡು ಕೆಲಸ ಮಾತ್ರ ಮಾಡಲು ಬಿಡಬೇಡಿ. ಬಾಗಿಲೊಳಗೆ ಸ್ಪಂಜು ತುರುಕುವುದು ಒಂದು: ಸದ್ದೇನೋ ನಿಲ್ಲುತ್ತದೆ, ಆದರೆ ಮಲೆನಾಡಿನ ಮಳೆಗೆ ಅದು ನೀರು ಕುಡಿದು ಕೂತು ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಇನ್ನೊಂದು, ಚಾನೆಲ್‌ಗೆ ಗ್ರೀಸ್ ಅಥವಾ ಕೊಬ್ಬರಿ ಎಣ್ಣೆ ಸವರುವುದು. ಧೂಳು ಅಂಟಿ ಉಪ್ಪುಕಾಗದದಂತಾಗುತ್ತದೆ. ಸಿಲಿಕಾನ್ ಸ್ಪ್ರೇ ಸಾಕು.

ಪ್ರಶ್ನೆ: ಬ್ರೇಕ್ ಹಾಕಿದಾಗ ಹಿಂದಿನ ಬಾಗಿಲೊಳಗೆ ನೀರು ಕುಲುಕಿದ ಸದ್ದು. ಭ್ರಮೆಯೇ?

ಉತ್ತರ: ಅಲ್ಲ, ನೀರೇ. ಗ್ಲಾಸಿನ ಪಕ್ಕದಿಂದ ಇಳಿದ ಮಳೆನೀರು ಬಾಗಿಲ ತಳದಂಚಿನ ಸಣ್ಣ ಕಿಂಡಿಗಳಿಂದ ಹೊರಹೋಗಬೇಕು. ಅವು ಕೆಸರು, ತರಗೆಲೆಯಿಂದ ಕಟ್ಟಿಕೊಂಡಿವೆ. ಬಾಗಿಲು ತೆರೆದು, ಕೆಳಗಿನಿಂದ ಪ್ಲಾಸ್ಟಿಕ್ ಕಡ್ಡಿ ಅಥವಾ ತೆಂಗಿನ ಗರಿಯ ಕಡ್ಡಿ ಆಡಿಸಿ. ಮುಖ ಸ್ವಲ್ಪ ದೂರವಿರಲಿ, ಬಳಬಳ ಸುರಿಯುತ್ತದೆ.