ಗಾಣ, ಮಿಲ್ಲು, ಮತ್ತೆ ಗಾಣ

ಚಳ್ಳಕೆರೆಯ ಸೋದರಿಗೆ ನಮಸ್ಕಾರ.

ನಿಮ್ಮಜ್ಜ ಎತ್ತಿನ ಗಾಣ ಆಡಿಸಿದರು. ಅಪ್ಪ ಶೇಂಗಾ ಎಣ್ಣೆ ಮಿಲ್ಲು ಕಟ್ಟಿದರು. ಅಣ್ಣನ ಕಾಲಕ್ಕೆ ಅದು ಮುಚ್ಚಿತು. ಇಂಥ ಮನೆತನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ‘ಮೂರನೇ ತಲೆಮಾರು ಕೈಚೆಲ್ಲಿತು’ ಎಂದು ಬರೆದಿದ್ದೆ. ಅದನ್ನು ಓದಿ ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದಿದ್ದೀರಿ. ಈಗ ಅವರ ಮಗಳು ಮರದ ಗಾಣ ಹಾಕಲು ಹೊರಟಿದ್ದಾಳೆ, ಹೂಂ ಅನ್ನಲೋ ಬೇಡವೋ ಎಂದೂ ಕೇಳಿದ್ದೀರಿ.

ಮೊದಲಿಗೆ, ನಾನು ಬರೆದ ಆ ಸಾಲು ತಪ್ಪು. ಕ್ಷಮೆ ಕೇಳಿದ್ದೇನೆ ಎಂದು ಅಣ್ಣನವರಿಗೆ ಹೇಳಿ.

ಚಳ್ಳಕೆರೆಗೆ ಎಣ್ಣೆ ನಗರಿ ಅನ್ನೋ ಹೆಸರು ಸುಮ್ನೆ ಬರಲಿಲ್ಲ. ಮಳೆ ಕಡಿಮೆಯಾದ ಈ ಸೀಮೆಗೆ ಶೇಂಗಾ ಒಗ್ಗಿತು. ಹಳ್ಳಿಗಳಿಂದ ಕಾಯಿ ಬಂತು, ಮಿಲ್ಲುಗಳು ಎದ್ದವು, ಜನ ಊರನ್ನು ಎರಡನೇ ಮುಂಬೈ ಅಂದರು. ನಿಮ್ಮಪ್ಪ ಗಾಣ ಬಿಟ್ಟು ಎಕ್ಸ್‌ಪೆಲ್ಲರ್, ಅಂದರೆ ಎಣ್ಣೆ ಹಿಂಡುವ ಯಂತ್ರ, ಹಾಕಿದ್ದು ಈ ಬಲದ ಮೇಲೆ. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಅನ್ನೋ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಂಗಡಿಗೆ ಅಗ್ಗದ ಎಣ್ಣೆ ಬಂತು. ಇತ್ತ ಮಳೆ ಕೈಕೊಟ್ಟ ವರ್ಷ ಅರೆಯಲು ಕಾಯಿಯೇ ಇಲ್ಲ. ಎಷ್ಟೋ ಮಿಲ್ಲುಗಳು ಬೀಗ ಹಾಕಿದವು. ಇದರಲ್ಲಿ ನಿಮ್ಮಣ್ಣನ ತಪ್ಪು ಎಲ್ಲಿದೆ?

ಇನ್ನು ಮಗಳ ವಿಚಾರ. ಹೂಂ ಅನ್ನಿ. ಆದರೆ ಲೆಕ್ಕ ಗೊತ್ತಿರಲಿ. ಗಾಣದಲ್ಲಿ ಒಂದು ಕೆಜಿ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಎಕ್ಸ್‌ಪೆಲ್ಲರ್‌ಗಿಂತ ಹಿಂಡಿಯಲ್ಲಿ ಎಣ್ಣೆ ಜಾಸ್ತಿ ಉಳಿಯುತ್ತದೆ. ಹಾಗಾಗಿ ಎಣ್ಣೆ ದುಬಾರಿ. ಹಿಂಡಿಗೆ ಒಳ್ಳೆ ಬೆಲೆ ಸಿಕ್ಕರೇನೇ ಗಾಣ ನಿಲ್ಲುವುದು.

ಅದಕ್ಕಿಂತ ದೊಡ್ಡ ವಿಷಯ ಕಾಯಿಯದು. ನಿಮ್ಮ ಪತ್ರದ ಒಂದು ಮಾತು ನನಗೆ ಬಹಳ ಹಿಡಿಸಿತು. ಅಪ್ಪ ಪ್ರತಿ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಬೀಜ ಗಲಗಲ ಅಂದರೆ ಮಾತ್ರ ತೂಕಕ್ಕೆ, ಇಲ್ಲದಿದ್ದರೆ ‘ಇನ್ನೆರಡು ದಿನ ಒಣಗಿಸಪ್ಪ’ ಎಂದು ವಾಪಸ್. ಇದು ಬರೀ ಜಿಪುಣತನವಲ್ಲ. ಹಸಿ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುತ್ತದೆ. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ ಅಲ್ವಾ? ಬರೀ ಸೋಸಿದರೆ ವಿಷ ಪೂರ್ತಿ ಹೋಗುವುದಿಲ್ಲ. ಅಂದರೆ ನಿಮ್ಮಜ್ಜನ ಗಾಣಕ್ಕೆ ಮರಳುವ ಹುಡುಗಿಗೆ ನಿಮ್ಮಪ್ಪನ ಮಿಲ್ಲಿನ ಈ ವಿದ್ಯೆ ಇನ್ನೂ ಜಾಸ್ತಿ ಬೇಕು.

ಅದು ಈಗ ಇರುವುದು ಅಣ್ಣನವರ ಕಿವಿಯಲ್ಲಿ. ಹೊಸ ಕಾಯಿ ಬರುವ ಹೊತ್ತಿಗೆ ಅವರನ್ನು ತಕ್ಕಡಿ ಪಕ್ಕ ಕೂರಿಸಿ. ಮೊದಲ ಚೀಲ ಅವರೇ ಬಿಚ್ಚಲಿ.