ಬೀಟಲ್ಸ್ ಹಾಡುಗಾರ ಬರೆದ ಕೋರಸ್ ಕಚೇರಿ: ಏನೂ ಗೊತ್ತಿಲ್ಲದವರು ಹೋಗಬಹುದಾ?

ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿಯ 'ಎಚ್ಚೆ ಕೋರ್ ಮೇಯುಮ್' ಕಚೇರಿಗೆ ಟಿಕೆಟ್ ಸಿಕ್ಕಿದೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಂಧಗಾಳಿ ಇಲ್ಲ, ಹೋಗಲಾ ಅಂತ ಕೇಳಿದ್ದೀರಿ. ಹೋಗಿ. ಬೀಟಲ್ಸ್ ಹಾಡು ಬರುತ್ತೆ ಅಂತ ಮಾತ್ರ ಕಾಯಬೇಡಿ, ಒಂದೂ ಬರಲ್ಲ.

ನಾನು ಹಾಸನದವನು. ಗಣಪತಿ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸ್ತೀನಿ, ಮಿಕ್ಕ ದಿನ ಮೊಬೈಲ್ ಅಂಗಡಿ. ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಒಂದು ಚರ್ಚಿನಲ್ಲಿ ಬೆಂಗಳೂರಿನ ತಂಡದವರು ಇದರ ಕೆಲವು ಭಾಗ ಹಾಡಿದರು. ದಾರಿಯಲ್ಲಿ ಅವರ ಕೀಬೋರ್ಡ್ ಸ್ಟ್ಯಾಂಡ್ ಮುರಿದಿತ್ತು. ಗೆಳೆಯ ಫೋನ್ ಮಾಡಿದ, ನನ್ನದನ್ನ ಬೈಕಿಗೆ ಕಟ್ಟಿಕೊಂಡು ಹೋದವನು ವಾಪಸ್ ತರಬೇಕಲ್ಲ ಅಂತ ಅಲ್ಲೇ ಕೂತೆ.

ಮೊದಲ ಹತ್ತು ನಿಮಿಷ ತಲೆಬುಡ ಗೊತ್ತಾಗಲಿಲ್ಲ. ನಮ್ಮ ಕಿವಿಗೆ ಒಬ್ಬರು ಹಾಡಬೇಕು, ಮಿಕ್ಕವರು ಅವರ ಹಿಂದೆ ಹೋಗಬೇಕು. ಇಲ್ಲಿ ಹೆಂಗಸರಲ್ಲಿ ಎರಡು ಗುಂಪು, ಗಂಡಸರಲ್ಲಿ ಎರಡು, ನಾಲ್ಕಕ್ಕೂ ಬೇರೆ ಬೇರೆ ದಾರಿ. ಯಾರನ್ನ ಕೇಳೋದು? ಬರೆದಾತ ಬೇಸ್ ಗಿಟಾರ್ ನುಡಿಸೋನು ಅಂತ ನೆನಪಾಗಿ, ತೀರಾ ಕೆಳಗಿನ ಗಂಡು ದನಿಯನ್ನೇ ಹಿಡಿದು ಕೂತೆ. ಆಮೇಲೆ ಮಿಕ್ಕ ಮೂರೂ ಅದರ ಮೇಲೆ ಒಂದೊಂದಾಗಿ ಕೇಳಿಸತೊಡಗಿದವು. ನೀವೂ ಹಾಗೇ ಮಾಡಿ ನೋಡಿ.

ಈ ಮನುಷ್ಯನಿಗೆ ಸ್ವರಲಿಪಿ ಓದೋಕೆ ಬರಲ್ಲ. 1991ರ 'ಲಿವರ್‌ಪೂಲ್ ಒರಟೋರಿಯೊ' ಅನ್ನೋ ಕೋರಸ್-ಆರ್ಕೆಸ್ಟ್ರಾ ಕೃತಿ ಮಾಡುವಾಗ ಸಂಗೀತ ಸಂಯೋಜಕ ಕಾರ್ಲ್ ಡೇವಿಸ್ ಜೊತೆಗಿದ್ದು ಅದನ್ನ ಕಾಗದಕ್ಕಿಳಿಸಿದರು. ಕೇಳಿ ಕಲಿತ ನಮ್ಮಂಥವರಿಗೆ ಇದೊಂದು ಸಮಾಧಾನ! ಹಾಗಂತ ಎಲ್ಲಾ ಚೆನ್ನಾಗಿದೆ ಅನ್ನಲ್ಲ. ಕೆಲವು ಕಡೆ ಹೇಳಿದ್ದನ್ನೇ ಹೇಳಿ ಎಳೆದಿದ್ದಾರೆ, ನನಗೊಮ್ಮೆ ಆಕಳಿಕೆಯೂ ಬಂತು.

ಭಾಗ ಮುಗಿದಾಗಲೆಲ್ಲ ಚಪ್ಪಾಳೆ ಹೊಡೀಬೇಡಿ. ನಾನು ಹೊಡೆದೆ. ಮುಂದಿನ ಬೆಂಚಿನ ಅಜ್ಜಿ ತಿರುಗಿ ನೋಡಿ ನಕ್ಕರು, ಕಿವಿ ಕೆಂಪಾಯ್ತು.

ಆಕ್ಸ್‌ಫರ್ಡಿನ ಒಂದು ಕಾಲೇಜಿಗೋಸ್ಕರ ಶುರುವಾದ ಕೃತಿ ಇದು. ಹೆಸರಿನ ಅರ್ಥ 'ಇಗೋ ನನ್ನ ಹೃದಯ'. 1998ರಲ್ಲಿ ಹೆಂಡತಿ ಲಿಂಡಾ ತೀರಿಕೊಂಡರು, ಕೆಲಸ ನಿಂತುಹೋಯ್ತು. ಮುಗಿದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ಗೆ ಬರುವಷ್ಟರಲ್ಲಿ 2006ರ ನವೆಂಬರ್. ನಡುವೆ ಆಕೆಯ ನೆನಪಿನ ಒಂದು ಶೋಕದ ಭಾಗ ಇದೆ, ಅದರಲ್ಲಿ ಓಬೋ ನುಡಿಯುತ್ತೆ. ನಮ್ಮ ಶಹನಾಯಿ ಥರ ಜೋಡಿ ಪೀಪಿಯ ವಾದ್ಯ. ಚರ್ಚಿನಲ್ಲಿ ಓಬೋ ಎಲ್ಲಿಂದ ಬರಬೇಕು, ಕೀಬೋರ್ಡಿನ ಹುಡುಗಿಯೇ ಆ ಟೋನ್ ಹಾಕಿ ನುಡಿಸಿದಳು. ಮದುವೆ ಆರ್ಕೆಸ್ಟ್ರಾದಲ್ಲಿ ಗಂಡುಹೆಣ್ಣು ಸ್ಟೇಜಿಗೆ ಬರುವಾಗ ಶಹನಾಯಿ ಬದಲು ನಾನು ಒತ್ತೋದೂ ಅದೇ ಟೋನ್. ಸ್ಟ್ಯಾಂಡ್ ಮಡಚುವಾಗ ಅವಳಿಗೆ ಹೇಳೋಣ ಅಂದುಕೊಂಡೆ, ಯಾಕೋ ಹೇಳಲಿಲ್ಲ.