ಲೈವ್ ಬರುತ್ತದೆ, ರೆಕಾರ್ಡಿಂಗ್ ಇಲ್ಲ: ಮನೆ ಕ್ಯಾಮೆರಾ ತೊಂದರೆಗಳಿಗೆ ಉತ್ತರ

ಈ ಸಲ ಪ್ರಶ್ನೆ ಕಳಿಸಿದವರಲ್ಲಿ ಹೆಚ್ಚಿನವರು ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಹೊಸದು ಕೊಳ್ಳಲು ಹೊರಟಿದ್ದಾರೆ. ಅವರು ಬರೆದ ಲಕ್ಷಣ ನೋಡಿದರೆ ತೊಂದರೆ ಕ್ಯಾಮೆರಾದಲ್ಲಿಲ್ಲ. ಕರೆಂಟಿನಲ್ಲೋ, ಕೇಬಲಿನಲ್ಲೋ, ಡಿಸ್ಕಿನಲ್ಲೋ, ಸೆಟ್ಟಿಂಗಿನಲ್ಲೋ ಇದೆ. ದಯವಿಟ್ಟು ದುಡ್ಡು ಹಾಕುವ ಮೊದಲು ಎಲ್ಲಿ ತಪ್ಪಿದೆ ಎಂದು ಹುಡುಕಿ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್ ಇದೆ. ಮೊಬೈಲಿನಲ್ಲಿ ಲೈವ್ ಚೆನ್ನಾಗಿ ಬರುತ್ತದೆ. ಮೊನ್ನೆ ಗೇಟಿನ ಹತ್ತಿರ ಇಟ್ಟಿದ್ದ ಸೈಕಲ್ ಕಳುವಾಯಿತು. ನೋಡಿದರೆ ಆ ದಿನದ ರೆಕಾರ್ಡಿಂಗೇ ಇಲ್ಲ. ಮೂರು ವಾರದ ಹಿಂದೆಯೇ ನಿಂತುಹೋಗಿದೆ. ಒಂದು ಎಚ್ಚರಿಕೆಯೂ ಬರಲಿಲ್ಲ. ಹೀಗೇಕಾಯಿತು?

ಬೇಕಾದ ಹೊತ್ತಿಗೇ ಕೈಕೊಟ್ಟಿತಲ್ಲ, ನಿಮ್ಮ ಬೇಸರ ಅರ್ಥವಾಗುತ್ತದೆ. ಕ್ಯಾಮೆರಾ ಹಾಕಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ನೋವಿಲ್ಲ.

ಲೈವ್ ಬೇರೆ, ರೆಕಾರ್ಡಿಂಗ್ ಬೇರೆ. ಲೈವ್ ನೋಡುವಾಗ ಚಿತ್ರ ಕ್ಯಾಮೆರಾದಿಂದ ಹೊರಟು ರೆಕಾರ್ಡರ್, ನೆಟ್‌ವರ್ಕ್ ಮೂಲಕ ನಿಮ್ಮ ಮೊಬೈಲಿಗೆ ಬರುತ್ತದೆ. ಹಾರ್ಡ್ ಡಿಸ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಡಿಸ್ಕ್ ಪೂರ್ತಿ ಸತ್ತಿದ್ದರೂ ಲೈವ್ ಬರುತ್ತಲೇ ಇರುತ್ತದೆ. ಆದ್ದರಿಂದ ಲೈವ್ ಬರುತ್ತಿದೆ ಎಂದರೆ ಎಲ್ಲ ಸರಿಯಿದೆ ಎಂದು ಅಂದುಕೊಳ್ಳಬೇಡಿ. ನಿನ್ನೆಯ ಒಂದು ಹೊತ್ತನ್ನು ಪ್ಲೇಬ್ಯಾಕ್‌ನಲ್ಲಿ ತೆರೆದು ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಈಗ ರೆಕಾರ್ಡರಿನ ಮೆನುವಿನಲ್ಲಿ ಡಿಸ್ಕ್ ಅಥವಾ ಸ್ಟೋರೇಜ್ ಪುಟ ತೆರೆಯಿರಿ. ಡಿಸ್ಕ್ ಭರ್ತಿಯಾಗಿದೆ ಎಂದಿದ್ದರೆ ಓವರ್‌ರೈಟ್ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿದರೆ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. ಡಿಸ್ಕೇ ಕಾಣುತ್ತಿಲ್ಲ ಅಥವಾ ದೋಷ ಇದೆ ಎಂದಿದ್ದರೆ, ಪ್ಲಗ್ ತೆಗೆದು, ರೆಕಾರ್ಡರಿನೊಳಗೆ ಡಿಸ್ಕಿಗೆ ಹಾಕಿರುವ ಎರಡು ಕೇಬಲ್ ಬಿಚ್ಚಿ ಮತ್ತೆ ಬಿಗಿಯಾಗಿ ಹಾಕಿ. ಆಮೇಲೂ ಕಾಣದಿದ್ದರೆ, ಇಲ್ಲವೇ ಒಳಗೆ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕಿನ ಕಾಲ ಮುಗಿದಿದೆ. ಅದರಲ್ಲಿ ನಿಮಗೆ ಬೇಕಾದ ಹಳೆಯ ದೃಶ್ಯ ಏನಾದರೂ ಇದ್ದರೆ ಮಾತ್ರ ಫಾರ್ಮ್ಯಾಟ್ ಒತ್ತಲೇಬೇಡಿ.

ಡಿಸ್ಕ್ ಸರಿಯಿದ್ದೂ ರೆಕಾರ್ಡ್ ಆಗುತ್ತಿಲ್ಲ ಎಂದರೆ ಶೆಡ್ಯೂಲ್ ನೋಡಿ. ವಾರದ ಏಳು ದಿನ, ದಿನದ 24 ಗಂಟೆಯ ಚೌಕಗಳು ಬಣ್ಣ ತುಂಬಿರಬೇಕು. ಫರ್ಮ್‌ವೇರ್ (ರೆಕಾರ್ಡರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅಥವಾ ರಿಸೆಟ್ ಆದಮೇಲೆ ಈ ಚೌಕಗಳು ಖಾಲಿಯಾಗಿರುವುದುಂಟು. ಕೆಲವೊಮ್ಮೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಎಂದು ಬದಲಾಗಿರುತ್ತದೆ, ಜೊತೆಗೆ ಚಲನೆ ಪತ್ತೆಯೇ ಆಫ್ ಆಗಿರುತ್ತದೆ. ಎರಡೂ ಸೇರಿದರೆ ಏನೂ ಉಳಿಯುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ.

ಹೊಸ ಡಿಸ್ಕ್ ಹಾಕುವುದಾದರೆ ಕಂಪ್ಯೂಟರಿಗೆ ಹಾಕುವ ಸಾಧಾರಣ ಡಿಸ್ಕ್ ಬೇಡ. ಕ್ಯಾಮೆರಾದ ಡಿಸ್ಕ್ ಹಗಲೂ ರಾತ್ರಿ ಬರೆಯುತ್ತಲೇ ಇರಬೇಕು. ಅದಕ್ಕೆಂದೇ ಮಾಡಿದ ಡಿಸ್ಕ್‌ಗಳಿವೆ, ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಅಂಥವು. ಎಷ್ಟು ದೊಡ್ಡದು ಬೇಕು ಎನ್ನುವ ಲೆಕ್ಕವೂ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸುತ್ತಿದ್ದರೆ ದಿನಕ್ಕೆ ಸುಮಾರು 43 ಜಿಬಿ ಬೇಕು. ನಾಲ್ಕು ಕ್ಯಾಮೆರಾಕ್ಕೆ ಸುಮಾರು 173 ಜಿಬಿ. ಅಂದರೆ 2 ಟಿಬಿ ಡಿಸ್ಕ್ ಹಾಕಿದರೆ ಹನ್ನೊಂದು ದಿನ ಸಿಗುತ್ತದೆ, ಅಷ್ಟೇ. ತಿಂಗಳು ಪೂರ್ತಿ ಇರುತ್ತದೆ ಎಂದುಕೊಂಡವರು ಈ ಲೆಕ್ಕ ಒಮ್ಮೆ ಹಾಕಿ ನೋಡಿ.

ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಹಾಕಿರುವವರಿಗೂ ಇದೇ ಮಾತು. ಕಾರ್ಡ್ ಬರೆದು ಬರೆದು ಸವೆಯುತ್ತದೆ. ಸವೆದ ಕಾರ್ಡ್ ಕೆಲವೊಮ್ಮೆ ಓದಲು ಕೊಡುತ್ತದೆ, ಬರೆಯಲು ಕೊಡುವುದಿಲ್ಲ. ಹೈ ಎಂಡ್ಯೂರೆನ್ಸ್ ಎಂದು ಬರೆದಿರುವ ಕಾರ್ಡ್ ಕೊಳ್ಳಿ. ಹೊಸ ಕಾರ್ಡಾದರೆ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಅದರ ಪೂರ್ತಿ ಜಾಗಕ್ಕೆ ಬರೆದು, ಮತ್ತೆ ಓದಿ ಪರೀಕ್ಷಿಸಿ. ಮೇಲೆ 256 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡ್‌ಗಳು ತುಂಬಾ ಓಡಾಡುತ್ತಿವೆ.

ಕೊನೆಗೆ, ಡಿಸ್ಕ್ ದೋಷ ಬಂದರೆ ಬೀಪ್ ಮಾಡು, ಮೊಬೈಲಿಗೆ ತಿಳಿಸು ಎನ್ನುವ ಆಯ್ಕೆ ಬಹುಪಾಲು ರೆಕಾರ್ಡರ್‌ಗಳಲ್ಲಿ ಇರುತ್ತದೆ. ಅದನ್ನು ಇವತ್ತೇ ಆನ್ ಮಾಡಿ.

ಪ್ರಶ್ನೆ: ಹಿತ್ತಲ ಕ್ಯಾಮೆರಾ ಹಗಲೆಲ್ಲ ಸರಿಯಾಗಿರುತ್ತದೆ. ಕತ್ತಲಾದ ಮೇಲೆ ಆಫ್‌ಲೈನ್ ಆಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಗ್ಗೆ ತಾನೇ ಸರಿಹೋಗುತ್ತದೆ. ಹೊಸ ಕ್ಯಾಮೆರಾ ತಂದು ಹಾಕಿದರೂ ಇದೇ ಕಥೆ.

ಕ್ಯಾಮೆರಾ ಬದಲಿಸಿದರೂ ತೊಂದರೆ ಹಾಗೇ ಇದೆ ಎಂದರೆ ಅದು ಕ್ಯಾಮೆರಾದ್ದಲ್ಲ, ಅಲ್ವಾ? ಇದು ಕರೆಂಟಿನ ಕೊರತೆ. ಕತ್ತಲಾದ ಕೂಡಲೇ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು, ಅಂದರೆ ಕತ್ತಲಲ್ಲಿ ನೋಡಲು ನಮ್ಮ ಕಣ್ಣಿಗೆ ಕಾಣದ ಬೆಳಕು ಕೊಡುವ ದೀಪಗಳು, ಹೊತ್ತಿಕೊಳ್ಳುತ್ತವೆ. ಆಗ ಅದು ಎಳೆಯುವ ಕರೆಂಟ್ ಒಮ್ಮೆಲೇ ಏರುತ್ತದೆ. ತಂತಿ ಉದ್ದವಾಗಿದ್ದು ತೆಳ್ಳಗಿದ್ದರೆ, ಅಡಾಪ್ಟರಿನಲ್ಲಿ 12 ವೋಲ್ಟ್ ಇದ್ದದ್ದು ಕ್ಯಾಮೆರಾ ತಲುಪುವಷ್ಟರಲ್ಲಿ ಇಳಿದುಹೋಗುತ್ತದೆ. ಕ್ಯಾಮೆರಾ ಆರಿ ಹೋಗುತ್ತದೆ. ಆರಿದಾಗ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಮತ್ತೆ ಶುರುವಾಗುತ್ತದೆ, ದೀಪ ಹೊತ್ತಿಕೊಂಡ ಕೂಡಲೇ ಮತ್ತೆ ಆರುತ್ತದೆ. ರಾತ್ರಿಯಿಡೀ ಇದೇ ಸುತ್ತು.

ಇದನ್ನು ಖಚಿತ ಮಾಡಿಕೊಳ್ಳಲು ಇವತ್ತು ರಾತ್ರಿ ಸೆಟ್ಟಿಂಗಿನಲ್ಲಿ ಇನ್‌ಫ್ರಾರೆಡ್ ದೀಪ ಆಫ್ ಮಾಡಿ. ಚಿತ್ರ ಕಪ್ಪಗೆ ಬರಲಿ, ಪರವಾಗಿಲ್ಲ. ಬೆಳಗಿನವರೆಗೂ ಆಫ್‌ಲೈನ್ ಆಗದಿದ್ದರೆ ಉತ್ತರ ಸಿಕ್ಕಿತು. ಮಲ್ಟಿಮೀಟರ್ ಇದ್ದರೆ ಕ್ಯಾಮೆರಾದ ತುದಿಯಲ್ಲೇ, ದೀಪ ಹೊತ್ತಿರುವಾಗಲೇ ಅಳೆಯಿರಿ. ಹಗಲಲ್ಲಿ ಅಡಾಪ್ಟರಿನ ಬಳಿ ಅಳೆದರೆ 12 ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ದಪ್ಪ ತಂತಿ ಹಾಕಿ, ಇಲ್ಲವೇ ಜಾಸ್ತಿ ಆಂಪಿಯರ್ ಕೊಡುವ ಅಡಾಪ್ಟರನ್ನು ಕ್ಯಾಮೆರಾ ಹತ್ತಿರವೇ ಇಡಿ. ವೋಲ್ಟೇಜ್ ಮಾತ್ರ ಮೊದಲಿನಷ್ಟೇ ಇರಲಿ.

ಕ್ಯಾಮೆರಾಕ್ಕೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಹೋಗುತ್ತಿದ್ದರೆ, ಅಂದರೆ ಪಿಒಇ ಇದ್ದರೆ, ಸ್ವಿಚ್‌ನ (ಎಲ್ಲ ನೆಟ್‌ವರ್ಕ್ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆಯ) ಒಟ್ಟು ವ್ಯಾಟ್ ನೋಡಿ. 2003ರ ಪಿಒಇ ಮಾನದಂಡದಲ್ಲಿ ಸ್ವಿಚ್ ಒಂದು ಪೋರ್ಟಿನಿಂದ 15.4 ವ್ಯಾಟ್ ಕೊಡುತ್ತದೆ, ಕ್ಯಾಮೆರಾಕ್ಕೆ ಸಿಗುವ ಖಾತರಿ 12.95 ವ್ಯಾಟ್. ಆದರೆ ಎಲ್ಲ ಪೋರ್ಟಿಗೂ ಒಟ್ಟಿಗೇ ಅಷ್ಟು ಕೊಡುವ ತಾಕತ್ತು ಎಲ್ಲ ಸ್ವಿಚ್‌ಗಳಿಗೆ ಇರುವುದಿಲ್ಲ. ರಾತ್ರಿ ಎಲ್ಲ ಕ್ಯಾಮೆರಾಗಳ ದೀಪ ಒಟ್ಟಿಗೆ ಹೊತ್ತಿದಾಗ ಕೊನೆಯ ಪೋರ್ಟು ಬಿದ್ದುಹೋಗುತ್ತದೆ. ಕೇಬಲ್ 100 ಮೀಟರ್ ದಾಟಬಾರದು. ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ ಕೇಬಲ್ ಈ ಕೆಲಸಕ್ಕೆ ಬೇಡವೇ ಬೇಡ, ಅದರಲ್ಲಿ ಕರೆಂಟ್ ನಷ್ಟ ಜಾಸ್ತಿ, ಬಿಸಿಯೂ ಆಗುತ್ತದೆ. ಮಳೆಗೆ ಒಡ್ಡಿಕೊಂಡ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ಅದನ್ನು ಕತ್ತರಿಸಿ ಹೊಸದು ಹಾಕಿ.

ಪ್ರಶ್ನೆ: ಹಳೆಯ ಕಂಪ್ಯೂಟರಿಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ ಆರು ಕ್ಯಾಮೆರಾ ಸೇರಿಸಿದ್ದೇನೆ. ಸಿಪಿಯು ಯಾವಾಗಲೂ ನೂರಕ್ಕೆ ನೂರು. ಚಿತ್ರದ ಕೆಳಭಾಗ ಬೂದು ಬಣ್ಣದಲ್ಲಿ ಎಳೆದಂತೆ ಬರುತ್ತದೆ. ಕಂಪ್ಯೂಟರ್ ಬದಲಿಸಲೇಬೇಕಾ?

ಬಹುಶಃ ಬೇಡ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಒಂದೇ ಎಂದುಕೊಂಡರೆ ಎರಡೂ ಬಗೆಹರಿಯುವುದಿಲ್ಲ.

ಮೊದಲು ಸಿಪಿಯು. ಸಾಧಾರಣವಾಗಿ ಪ್ರತಿ ಕ್ಯಾಮೆರಾ ಎರಡು ಸ್ಟ್ರೀಮ್, ಅಂದರೆ ಒಂದೇ ದೃಶ್ಯದ ಎರಡು ವಿಡಿಯೋ, ಕೊಡುತ್ತದೆ. ದೊಡ್ಡದು ಮೇನ್, ಚಿಕ್ಕದು ಸಬ್. ಚಲನೆ ಇದೆಯೇ ಎಂದು ನೋಡಲು ಸಾಫ್ಟ್‌ವೇರ್ ಚಿತ್ರವನ್ನು ಬಿಚ್ಚಿ ಓದಬೇಕು. ಅದು ಆರು ಮೇನ್ ಸ್ಟ್ರೀಮ್‌ಗಳನ್ನು ಬಿಚ್ಚುತ್ತಾ ಕೂತರೆ ಯಾವ ಹಳೆಯ ಕಂಪ್ಯೂಟರೂ ಏದುಸಿರು ಬಿಡುತ್ತದೆ. ಪತ್ತೆಗೆ ಸಬ್ ಸ್ಟ್ರೀಮ್, ರೆಕಾರ್ಡಿಂಗಿಗೆ ಮೇನ್ ಸ್ಟ್ರೀಮ್ ಕೊಡಿ. ಫ್ರಿಗೇಟ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಇದನ್ನು ಡಿಟೆಕ್ಟ್, ರೆಕಾರ್ಡ್ ಎಂಬ ಎರಡು ರೋಲ್‌ಗಳಾಗಿ ಬರೆಯುತ್ತೀರಿ. ಬ್ಲೂ ಐರಿಸ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಸಬ್ ಸ್ಟ್ರೀಮ್ ವಿಳಾಸ ಕೊಡಲು ಬೇರೆ ಜಾಗವೇ ಇದೆ. ಅಲ್ಲೇ ಡೈರೆಕ್ಟ್ ಟು ಡಿಸ್ಕ್ ಎನ್ನುವುದನ್ನೂ ಆನ್ ಮಾಡಿ. ಆಗ ಕ್ಯಾಮೆರಾ ಕಳಿಸಿದ ವಿಡಿಯೋ ಇದ್ದಂತೆಯೇ ಡಿಸ್ಕಿಗೆ ಹೋಗುತ್ತದೆ, ಮತ್ತೆ ಎನ್‌ಕೋಡ್ ಮಾಡುವ ಕೆಲಸ ತಪ್ಪುತ್ತದೆ. ಇಷ್ಟಕ್ಕೇ ಸಿಪಿಯು ಎದ್ದು ಕಾಣುವಷ್ಟು ಇಳಿಯಬೇಕು.

ಇನ್ನು ಬೂದು ಬಣ್ಣದ ಎಳೆತ. ಅದು ದಾರಿಯಲ್ಲಿ ಕಳೆದುಹೋದ ಡೇಟಾ. ಕ್ಯಾಮೆರಾ ಯುಡಿಪಿ ಎಂಬ ರೀತಿಯಲ್ಲಿ ಕಳಿಸುತ್ತಿದ್ದರೆ ಕಳೆದುಹೋದ ತುಂಡನ್ನು ಯಾರೂ ಮತ್ತೆ ಕಳಿಸುವುದಿಲ್ಲ. ಸಾಫ್ಟ್‌ವೇರಿನಲ್ಲಿ ಆರ್‌ಟಿಎಸ್‌ಪಿಯನ್ನು, ಅಂದರೆ ಕ್ಯಾಮೆರಾದಿಂದ ವಿಡಿಯೋ ತರಿಸಿಕೊಳ್ಳುವ ವಿಧಾನವನ್ನು, ಕಳೆದ ತುಂಡನ್ನು ಮತ್ತೆ ಕಳಿಸುವ ಟಿಸಿಪಿಗೆ ಬದಲಿಸಿ. ಅದಕ್ಕೂ ಮೊದಲು ಒಂದು ಪರೀಕ್ಷೆ: ಕ್ಯಾಮೆರಾದ ಆರ್‌ಟಿಎಸ್‌ಪಿ ವಿಳಾಸವನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಿರಿ. ಪೋರ್ಟ್ ಸಾಮಾನ್ಯವಾಗಿ 554. ಅಲ್ಲೂ ಚಿತ್ರ ಹರಿದಂತೆ ಬಂದರೆ ನೆಟ್‌ವರ್ಕನ್ನೋ ಕ್ಯಾಮೆರಾವನ್ನೋ ನೋಡಿ, ಸಾಫ್ಟ್‌ವೇರ್ ಬಿಟ್ಟುಬಿಡಿ. ಅಲ್ಲಿ ಸರಿಯಾಗಿ ಬಂದು ಇಲ್ಲಿ ಕೆಟ್ಟರೆ ಸಾಫ್ಟ್‌ವೇರಿನ ಕಡೆ ಹುಡುಕಿ. ಈ ಒಂದು ಪರೀಕ್ಷೆ ಗಂಟೆಗಟ್ಟಲೆ ತಲೆನೋವು ಉಳಿಸುತ್ತದೆ.

ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಐ-ಫ್ರೇಮ್ ಅಂತರ ಎಂದಿರುತ್ತದೆ. ಸೆಕೆಂಡಿಗೆ 15 ಫ್ರೇಮ್ ಇದ್ದರೆ ಅದನ್ನೂ 15 ಮಾಡಿ. ಆಗ ಸೆಕೆಂಡಿಗೊಂದು ಪೂರ್ಣ ಚಿತ್ರ ಬರುತ್ತದೆ, ಚಿತ್ರ ಕೆಟ್ಟರೂ ಬೇಗ ಸರಿಹೋಗುತ್ತದೆ, ಘಟನೆಯ ಮೊದಲ ಸೆಕೆಂಡುಗಳೂ ತಪ್ಪುವುದಿಲ್ಲ. ಎಚ್.264 ಪ್ಲಸ್, ಎಚ್.265 ಪ್ಲಸ್ ತರಹದ, ಜಾಗ ಉಳಿಸಲು ವಿಡಿಯೋ ಕುಗ್ಗಿಸುವ ಸ್ಮಾರ್ಟ್ ಕೋಡೆಕ್ ಈ ಅಂತರವನ್ನು ತನಗೆ ಬೇಕಾದಂತೆ ಹಿಗ್ಗಿಸುತ್ತದೆ. ಅದನ್ನು ಆಫ್ ಮಾಡಿ. ಜಾಗ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಆದರೆ ನಂಬಿಕೆ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

ಇನ್ನೆರಡು ಚಿಕ್ಕ ಕೆಲಸ. ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಮಾಡಿ. ರೆಕಾರ್ಡಿಂಗ್ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ. ಫ್ರಿಗೇಟ್ ಬಳಸುವವರು ಅದನ್ನು ನಡೆಸುವ ಡಾಕರ್ ಎಂಬ ಸಾಫ್ಟ್‌ವೇರಿನ ಶೇರ್ಡ್ ಮೆಮೊರಿ ನೋಡಿ. ಸುಮ್ನೆ ಬಿಟ್ಟರೆ ಅದು 64 ಎಂಬಿ ಮಾತ್ರ, ಆರು ಕ್ಯಾಮೆರಾಕ್ಕೆ ಸಾಲದಿರಬಹುದು.

ಪ್ರಶ್ನೆ: ರಾತ್ರಿಯಿಡೀ ಚಲನೆ ಕಂಡಿದೆ ಎಂದು ಮೊಬೈಲ್ ಬಡಿದುಕೊಳ್ಳುತ್ತದೆ. ತೆರೆದರೆ ಯಾರೂ ಇಲ್ಲ. ಸಾಕಾಗಿ ನೋಟಿಫಿಕೇಶನ್ನೇ ಬಂದ್ ಮಾಡಿದ್ದೇನೆ.

ದಯವಿಟ್ಟು ಬಂದ್ ಮಾಡಬೇಡಿ, ಕಾರಣ ತೆಗೆಯಿರಿ. ಮೊದಲು ಕ್ಯಾಮೆರಾ ಮುಖ ನೋಡಿ. ಜೇಡ ಬಲೆ ಕಟ್ಟಿರುತ್ತದೆ. ಕ್ಯಾಮೆರಾದ ಸುತ್ತ ಹುಳ ಸುಳಿಯುತ್ತವೆ, ಹುಳಕ್ಕಾಗಿ ಜೇಡ ಬರುತ್ತದೆ. ಲೆನ್ಸಿಗೆ ಅಷ್ಟು ಹತ್ತಿರವಿರುವ ಒಂದು ಎಳೆ ಗಾಳಿಗೆ ಅಲ್ಲಾಡಿದರೂ ಕ್ಯಾಮೆರಾಕ್ಕೆ ದೊಡ್ಡ ಬಿಳಿ ಆಕೃತಿ ಓಡಾಡಿದಂತೆ ಕಾಣುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿ. ಪದೇ ಪದೇ ಬರುತ್ತಿದ್ದರೆ ಕ್ಯಾಮೆರಾದ ದೀಪ ಆಫ್ ಮಾಡಿ, ಇನ್‌ಫ್ರಾರೆಡ್ ದೀಪವನ್ನು ಬೇರೆಯಾಗಿ ಒಂದೆರಡು ಮೀಟರ್ ದೂರದಲ್ಲಿ ಹಾಕಿ. ಆಗ ಲೆನ್ಸಿನ ಮುಂದಿನ ಎಳೆ ಅಷ್ಟು ಬೆಳ್ಳಗೆ ಹೊಳೆಯುವುದಿಲ್ಲ.

ಆಮೇಲೆ ರಸ್ತೆ, ಮರದ ಕೊಂಬೆ ಇರುವ ಭಾಗವನ್ನು ಪತ್ತೆಯ ವಲಯದಿಂದ ಬಿಡಿ. ಹಳೆಯ ರೀತಿಯ ಪತ್ತೆ ಪಿಕ್ಸೆಲ್ ಬದಲಾವಣೆ ಮಾತ್ರ ನೋಡುತ್ತದೆ. ವಾಹನದ ಹೆಡ್‌ಲೈಟ್, ಮಳೆ, ನೆರಳು ಎಲ್ಲವೂ ಅದಕ್ಕೆ ಚಲನೆಯೇ. ನಿಮ್ಮ ಕ್ಯಾಮೆರಾದಲ್ಲಿ ಮನುಷ್ಯ ಅಥವಾ ವಾಹನ ಗುರುತಿಸುವ ಆಯ್ಕೆ ಇದ್ದರೆ ನೋಟಿಫಿಕೇಶನ್ ಅದಕ್ಕೆ ಮಾತ್ರ ಇಡಿ, ರೆಕಾರ್ಡಿಂಗ್ ಮಾತ್ರ ಎಡೆಬಿಡದೆ ನಡೆಯಲಿ. ಸೆನ್ಸಿಟಿವಿಟಿ ಇಳಿಸುವುದು ಕೊನೆಯ ಉಪಾಯ. ಅದನ್ನೇ ಮೊದಲು ಇಳಿಸಿದರೆ ನಿಜವಾಗಿ ಬಂದವರೂ ತಪ್ಪಿಹೋಗುತ್ತಾರೆ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ರೆಕಾರ್ಡರಿನ ತಾರೀಕು 2000ಕ್ಕೆ ಹೋಗುತ್ತದೆ.

ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಬಹಳಷ್ಟು ಕಡೆ ಅದು ಸಿಆರ್2032. ಅದನ್ನು ಬದಲಿಸಿ, ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ, ಟೈಮ್ ಜೋನ್ ಸರಿಯಿದೆಯೇ ನೋಡಿ. ಕಾಣೆಯಾಗಿದೆ ಎಂದುಕೊಂಡ ರೆಕಾರ್ಡಿಂಗ್ 2000ದ ಜನವರಿಯಲ್ಲಿ ಕೂತಿರಬಹುದು, ಅಲ್ಲಿ ಹುಡುಕಿ. ದೃಶ್ಯವನ್ನು ಪೊಲೀಸರಿಗೆ ಕೊಡುವುದಿದ್ದರೆ ಗಡಿಯಾರ ತಿದ್ದುವ ಮೊದಲು ರೆಕಾರ್ಡರ್ ಪರದೆ ಮತ್ತು ಮೊಬೈಲ್ ಗಡಿಯಾರ ಎರಡೂ ಕಾಣುವಂತೆ ಒಂದು ಫೋಟೋ ತೆಗೆದಿಡಿ. ಸಮಯದ ವ್ಯತ್ಯಾಸಕ್ಕೆ ಅದೇ ಆಧಾರ.

ಪ್ರಶ್ನೆ: ಹೊರಗಿದ್ದಾಗ ನೋಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಹೊರಗಿನಿಂದ ರೆಕಾರ್ಡರಿಗೆ ದಾರಿ ತೆರೆದಿದ್ದೇನೆ. ಆದರೂ ತೆರೆಯುತ್ತಿಲ್ಲ. ಇನ್ನೇನು ಮಾಡಬೇಕು?

ರೂಟರಿನ ಹೊರಗಿನ ಐಪಿ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಅಲ್ಲಿ ಪೋರ್ಟ್ ಫಾರ್ವರ್ಡ್ ಕೆಲಸ ಮಾಡುವುದಿಲ್ಲ.

ಕೆಲಸ ಮಾಡುವಂತಿದ್ದರೂ ನಾನು ಬೇಡ ಎನ್ನುತ್ತೇನೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳೊಳಗೆ ಕಂಪನಿ ಕೊಟ್ಟ ಪಾಸ್‌ವರ್ಡ್‌ಗಳಿಂದಲೇ ನುಗ್ಗಿತು. ಆ ವರ್ಷ ಅಕ್ಟೋಬರಿನಲ್ಲಿ ಅವುಗಳನ್ನೇ ಬಳಸಿ ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದು, ದೊಡ್ಡ ದೊಡ್ಡ ವೆಬ್‌ಸೈಟ್‌ಗಳು ಗಂಟೆಗಟ್ಟಲೆ ತೆರೆಯದಂತಾದವು. ನಿಮ್ಮ ಮನೆಯ ಒಳಗನ್ನು ನೋಡುವ ಕಣ್ಣು ಹಾಗೆ ಬಯಲಿಗೆ ತೆರೆದಿರಬಾರದು.

ಆ ಫಾರ್ವರ್ಡ್ ತೆಗೆದುಹಾಕಿ, ಉಪಕರಣಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿ, ರೆಕಾರ್ಡರ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದು ಹಾಕಿ. ಹೊರಗಿನಿಂದ ನೋಡಲು ವಿಪಿಎನ್, ಅಂದರೆ ಮನೆಯ ನೆಟ್‌ವರ್ಕಿಗೆ ಬೇರೆಯವರಿಗೆ ಕಾಣದ ಖಾಸಗಿ ದಾರಿ, ಬಳಸಿ. ಮನೆಯಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಂಡರೆ ಮೊಬೈಲ್ ಎಲ್ಲಿದ್ದರೂ ಮನೆಯ ನೆಟ್‌ವರ್ಕಿನಲ್ಲೇ ಇದ್ದಂತೆ. ಇಂಟರ್ನೆಟ್ ಕಂಪನಿ ವಿಳಾಸ ಹಂಚಿರುವ ಮನೆಯವರಿಗೆ ಟೈಲ್‌ಸ್ಕೇಲ್ ಎಂಬ ವಿಪಿಎನ್ ಸುಲಭ, ಅದಕ್ಕೆ ಪೋರ್ಟ್ ತೆರೆಯಬೇಕಿಲ್ಲ. ಜೊತೆಗೆ ರೂಟರಿನಲ್ಲಿ ಪ್ರತಿ ಕ್ಯಾಮೆರಾಕ್ಕೂ ಒಂದು ಐಪಿ ವಿಳಾಸ ಕಾಯ್ದಿರಿಸಿ. ಇಲ್ಲದಿದ್ದರೆ ರೂಟರ್ ಆಫ್ ಆಗಿ ಬಂದಾಗ ವಿಳಾಸ ಬದಲಾಗಿ, ಸಾಫ್ಟ್‌ವೇರ್ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಎಲ್ಲ ಮುಗಿದ ಮೇಲೆ ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ಲೈವ್ ಜೊತೆಗೆ ಪ್ಲೇಬ್ಯಾಕನ್ನೂ ತೆರೆದು ನೋಡಿ.